ಒಂಟಿಕಾಲಿನ ಪರೀಕ್ಷೆ

ಕಲಬುರಗಿಯಿಂದ ತಂಗಿ ಫೋನ್ ಮಾಡಿದ್ದಳು. ಜನವರಿಯಲ್ಲಿ ಅವಳ ಮಗನಿಗೆ ಐದು ತುಂಬಿದೆ. ಅಂಗಡಿಯ ಫಲಕಗಳನ್ನೆಲ್ಲ ಓದುತ್ತಾನೆ, ಹತ್ತರವರೆಗೆ ಮಗ್ಗಿ ಒಪ್ಪಿಸುತ್ತಾನೆ. “ಒಂದನೆಯದನ್ನು ಮನೆಯಲ್ಲೇ ಮುಗಿಸಿದ್ದೇನೆ. ಜೂನ್‌ನಲ್ಲಿ ನೇರ ಎರಡನೆಯದಕ್ಕೆ ಹಾಕಿದರೆ ಒಂದು ವರ್ಷ ಉಳಿಯುತ್ತದೆ, ಮುಂದೆ ನೀಟ್‌ಗೆ ಅನುಕೂಲ” ಎಂದಳು.

ರಾತ್ರಿ ಕುಳಿತು ಲೆಕ್ಕ ಹಾಕಿದೆ. ಹಾಗೆ ಹೋದರೆ ಪಿಯುಸಿ ಮುಗಿಸುವಾಗ ಅವನಿಗೆ ಹದಿನಾರು. ನೀಟ್‌ಗೆ ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಅವನಿಗೆ ಕೆಲವೇ ದಿನ ಕಡಿಮೆ ಬೀಳುತ್ತದೆ. ಉಳಿಸಿದ ವರ್ಷ ಅಲ್ಲಿ ಕಾಯುವುದರಲ್ಲೇ ಕಳೆಯುತ್ತದೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೇ ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮ ಬಂದದ್ದು ಬೇರೆ ಮಾತು.

ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನನ್ನ ಮಗಳು ಶಾಲೆ ಸೇರುವ ಮೊದಲು ಆರೋಗ್ಯ ಇಲಾಖೆಯವರು ಕರೆಸಿದ್ದರು. ಓದಿಸಿಯಾರು ಎಂದು ನಾನು ವಾರಗಟ್ಟಲೆ ಅಕ್ಷರ ತಿದ್ದಿಸಿದ್ದೆ. ಅವರು ಕಣ್ಣು, ಕಿವಿ ನೋಡಿದರು, ಚಿತ್ರ ಬರೆಸಿದರು. ಆಮೇಲೆ ಒಂಟಿಕಾಲಿನಲ್ಲಿ ಕುಪ್ಪಳಿಸಲು ಹೇಳಿದರು. ಬಲಗಾಲಿನಲ್ಲಿ ಚೆನ್ನಾಗಿ ಕುಪ್ಪಳಿಸಿದಳು. ಎಡಗಾಲಿಗೆ ಬಂದಾಗ ಎರಡೇ ಹೆಜ್ಜೆಗೆ ತೂರಾಡಿ ನನ್ನ ಕೈ ಹಿಡಿದಳು. ಅವಳನ್ನು ಮೇಜಿನ ಮುಂದೆ ಎಷ್ಟು ಹೊತ್ತು ಕೂರಿಸಿದ್ದೆ ಎಂಬುದು ಆಗ ನೆನಪಾಯಿತು.

ಚುರುಕಾದ ಮಗುವನ್ನು ಇಲ್ಲಿ ತಡೆದು ನಿಲ್ಲಿಸುವುದಿಲ್ಲ. ಬೇಗ ಸೇರಿಸಲೂ ಬಹುದು, ತರಗತಿ ಜಿಗಿಸಲೂ ಬಹುದು. ಆದರೆ ಮಗು ಅದಕ್ಕೆ ಸಿದ್ಧವೇ ಎಂದು ಶಾಲೆಯವರು ನೋಡುತ್ತಾರೆ. ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆಂದರೆ ಮಾತ್ರ ಜರ್ಮನಿಯ ಕಾನೂನು ಒಪ್ಪುವುದಿಲ್ಲ. ಅದನ್ನು ಪ್ರಶ್ನಿಸಿದ ಒಂದು ಕುಟುಂಬದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2006ರಲ್ಲಿ ತಳ್ಳಿಹಾಕಿತು. ಇಷ್ಟು ಬಿಗಿ ನನಗೆ ಸರಿಯೆನಿಸುವುದಿಲ್ಲ.

ಹೀಗಾಗಿ ನಮ್ಮ ಮನೆಪಾಠವೆಂದರೆ ಸಂಜೆಯ ಕನ್ನಡ. ಅದನ್ನು ನಡೆಸುವವಳು ಆಳಂದದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅವ್ವ, ವಿಡಿಯೊ ಕರೆಯಲ್ಲಿ. ಮಗಳಿಗೆ ‘ಳ’ ಬರುತ್ತಿರಲಿಲ್ಲ. ತೊಗರಿ ಕಾಳು ‘ಕಾಲು’ ಆಗುತ್ತಿತ್ತು. ಅವ್ವ ಮೊರದಲ್ಲಿದ್ದ ತೊಗರಿಯನ್ನು ಹಿಡಿಯಷ್ಟು ಎತ್ತಿ “ಕಾಳು” ಎಂದಳು. ಪಾದ ಮುಂದೆ ಚಾಚಿ “ಕಾಲು” ಎಂದಳು. ಆಮೇಲೆ ಕಾಳಿನ ರಾಶಿಯನ್ನು ಬೆರಳಿನಿಂದ ನಾಲ್ಕು ಪಾಲು ಮಾಡಿ, ಒಂದನ್ನು ಸರಿಸಿ, “ಇದೂ ಕಾಲು” ಎಂದಳು. ಭಾಗಾಕಾರ ಗೊತ್ತಿರದ ಮಗಳು ಅಂದೇ ಅಡುಗೆಮನೆಯ ಬಟಾಣಿಯನ್ನೆಲ್ಲ ಪಾಲು ಹಾಕುತ್ತಾ ಕೂತಳು.

ತಂಗಿಗೆ ಹೇಳಿದ್ದು ಇಷ್ಟೇ: ಮನೆಪಾಠ ನಿಲ್ಲಿಸಬೇಡ, ಅವನು ಕೇಳಿದಷ್ಟನ್ನೂ ಕೊಡು, ತರಗತಿ ಜಿಗಿಸಬೇಡ. ಅವಳು ಇನ್ನೂ ಪೂರ್ತಿ ಒಪ್ಪಿಲ್ಲ. ರಜೆಗೆ ಅವನನ್ನು ಅವ್ವನ ಬಳಿ ಕಳಿಸುತ್ತೇನೆಂದಿದ್ದಾಳೆ. ಮೊರ ಅಲ್ಲೇ ಇರುತ್ತದೆ.