ಗೆಕ್ಕೊ ಸೀಸನ್ ಶುರು: ಮೂರು ಮೊಟ್ಟೆ, ಅದರಲ್ಲಿ ಒಂದು ಠುಸ್

ನಾವಿರೋದು ಡಲ್ಲಾಸ್ ಹತ್ರ. ಮರಿ ಮಾಡಿಸೋ ಸೀಸನ್‌ಗೆ ಮುಂಚೆ, ನವೆಂಬರ್ ಕೊನೇಲಿ, ನಾನು ಸಾಕಿರೋ ಲೆಪರ್ಡ್ ಗೆಕ್ಕೊಗಳ (ಒಂದು ಜಾತಿ ಹಲ್ಲಿ) ಹೀಟ್ ಮ್ಯಾಟ್ ಕಮ್ಮಿ ಮಾಡಿ, ಊಟಾನೂ ಕಮ್ಮಿ ಮಾಡಿ ಎಂಟು ವಾರ ತಣ್ಣಗೆ ಇಟ್ಟಿದ್ದೆ, ಜನವರಿ ಕೊನೇಲಿ ಬಿಸಿ ಏರಿಸಿದ್ದೇ ತಡ ಎಲ್ಲಾ ಬರಗೆಟ್ಟವರ ಥರ ತಿನ್ನೋಕೆ ಶುರು ಮಾಡಿದ್ವು, ಟ್ವೀಜರ್ ಸಮೇತ ಎಳೀತಾವೆ.

ಫೆಬ್ರವರಿ 4. ಅಡುಗೆಮನೆ ತಕ್ಕಡೀಲಿ ಮೂರು ಹೆಣ್ಣುಗಳ ತೂಕ (ಹೆಂಡ್ತಿ ನೋಡಿಲ್ಲ, ಹೇಳ್ಬೇಡಿ). ಗುಂಡಮ್ಮ 62 ಗ್ರಾಂ, ಚುಕ್ಕಿ 54, ಪುಟ್ಟಿ ಬರೀ 41. ಪುಟ್ಟಿಗೆ ಈ ವರ್ಷ ರಜೆ, ಬಾಲಾನೇ ಇನ್ನೂ ದಪ್ಪ ಆಗಿಲ್ಲ, ಮೊಟ್ಟೆಗೆ ಕ್ಯಾಲ್ಸಿಯಂ ಎಲ್ಲಿಂದ ತರ್ತಾಳೆ. ಉಳಿದಿಬ್ಬರ ಹತ್ರ ಒಬ್ಬೊಬ್ಬರಾಗಿ ಗಂಡು ಸೀನನ್ನ ಬಿಟ್ಟೆ. ಬಿಟ್ಟ ತಕ್ಷಣ ಬಾಲದ ತುದಿ ಗಡಗಡ ಅಂತ ನಡುಗಿಸ್ತಾನೆ, ಪ್ಲಾಸ್ಟಿಕ್ ಟಬ್ಬಿಗೆ ಬಡಿದು ಫೋನ್ ವೈಬ್ರೇಟ್ ಆದಂಗೆ ಸದ್ದು. ಆಮೇಲೆ ಕತ್ತು ಕಚ್ಚಿ ಹಿಡಿಯೋದು. ಐದೇ ನಿಮಿಷ, ಮತ್ತೆ ಅವನ ಡಬ್ಬಿಗೆ ವಾಪಸ್.

ಫೆಬ್ರವರಿ 27. ಒಂದು ವಾರದಿಂದ ಗುಂಡಮ್ಮನ ಹೊಟ್ಟೆ ಚರ್ಮದೊಳಗೆ ಎರಡು ಬೆಳ್ಳಗಿನ ಉಂಡೆ ಕಾಣ್ತಿತ್ತು, ಒದ್ದೆ ಪಾಚಿ ಹಾಕಿರೋ ಡಬ್ಬೀಲಿ ರಾತ್ರಿಯೆಲ್ಲಾ ಕೆರೆದೂ ಕೆರೆದೂ ಬೆಳಗ್ಗೆ ನೋಡಿದ್ರೆ ಮೊಟ್ಟೆ ಎರಡು, ಹೊಟ್ಟೆ ಜೋತುಬಿದ್ದ ಚೀಲ. ಮೊಟ್ಟೆ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹೇಗಿತ್ತೋ ಹಾಗೇ ಎತ್ತಿಟ್ಟೆ. ತಿರುಗಿಸಿದ್ರೆ ಒಳಗಿನ ಭ್ರೂಣ ಸಾಯಬಹುದು, ಕೋಳಿ ಮೊಟ್ಟೆ ಲೆಕ್ಕ ಇಲ್ಲಿ ನಡೆಯಲ್ಲ. ಮೊಟ್ಟೆ ಡಬ್ಬೀಲಿ ಪರ್ಲೈಟ್ (ತೇವ ಹಿಡಿದಿಡೋ ಹಗುರ ಬಿಳಿ ಕಾಳು), ಅದೆಷ್ಟು ತೂಕವೋ ನೀರೂ ಅಷ್ಟೇ ತೂಕ.

ಮಾರ್ಚ್ 3. ಚುಕ್ಕಿ, ಚೊಚ್ಚಲು, ಒಂದೇ ಮೊಟ್ಟೆ. ಹಳದಿ, ಮೆತ್ತಗೆ, ಒತ್ತಿದ್ರೆ ನೀರು ತುಂಬಿದ ಬಲೂನ್. ಠುಸ್. ಮೊದಲನೇ ಸಲ ಹೀಗಾಗೋದು ಮಾಮೂಲಿ, ಆದ್ರೂ ಎರಡು ದಿನ ಇಟ್ಟುಕೊಂಡಿದ್ದೆ, ಬೂಷ್ಟು ಬಂದ್ಮೇಲೆ ಎಸೆದೆ.

ಮಾರ್ಚ್ 4. ಇದು ನನ್ನ ದಡ್ಡತನ. ಹೋದ ವರ್ಷ 32 ಡಿಗ್ರೀಲಿ ಇಟ್ಟು ಆರು ಮರೀಲಿ ಐದು ಗಂಡು ಬಂದಿತ್ತು (ಗಂಡುಗಳು ಒಟ್ಟಿಗಿದ್ರೆ ಕಚ್ಚಾಡ್ತಾವೆ, ಐದಕ್ಕೂ ಐದು ಮನೆ ಮಾಡಿ ಸಾಕಾಯ್ತು), ಅದಕ್ಕೇ ಈ ಸಲ ಹೆಣ್ಣು ಬೇಕು ಅಂತ ಕಾವು ಕೊಡೋ ಪೆಟ್ಟಿಗೇನ 27ಕ್ಕೆ ಸೆಟ್ ಮಾಡಿದ್ದೆ. ಇವುಗಳಲ್ಲಿ ಗಂಡೋ ಹೆಣ್ಣೋ ಅನ್ನೋದು ಕಾವಿನ ಮೇಲೆ. ಥರ್ಮೋಸ್ಟಾಟ್ 27 ಅಂತಾನೇ ತೋರಿಸ್ತಿತ್ತು, ಆದ್ರೆ ಅದರ ಪ್ರೋಬ್ (ಬಿಸಿ ಅಳೆಯೋ ತುದಿ) ಅನ್ನ ನಾನೇ ಬಾಗಿಲ ಸಂದಿ ಹತ್ರ ಅಂಟಿಸಿಬಿಟ್ಟಿದ್ದೆ, ಅನುಮಾನ ಬಂದು ಮೊಟ್ಟೆ ಡಬ್ಬಿ ಒಳಗೇ ಇನ್ನೊಂದು ಥರ್ಮಾಮೀಟರ್ ಇಟ್ರೆ 30! ಈಗ ಪ್ರೋಬ್ ಡಬ್ಬಿ ಪಕ್ಕದಲ್ಲೇ ಇದೆ. ಐದು ದಿನ ಹೋಯ್ತು, ನೋಡೋಣ.

ಮಾರ್ಚ್ 8. ಲೈಟ್ ಆರಿಸಿ ಮೊಟ್ಟೆಗೆ ಟಾರ್ಚ್ ಹಿಡಿದೆ. ಎರಡರಲ್ಲೂ ಗುಲಾಬಿ ಬೆಳಕಿನೊಳಗೆ ಕೆಂಪು ನರಗಳ ಬಳೆ! ಅಮ್ಮ ವೀಡಿಯೊ ಕಾಲ್‌ನಲ್ಲಿದ್ರು, ತೋರಿಸಿದೆ. "ಪಂಚಾಂಗದಲ್ಲಿ ಹಲ್ಲಿ ಮೈಮೇಲೆ ಬಿದ್ರೆ ಏನು ಫಲ ಅಂತ ಇದೆ, ನೀನು ಮನೇಲಿ ಮರಿ ಮಾಡಿಸ್ತಿದೀಯಲ್ಲೋ" ಅಂದ್ರು. ಇವು ಗೋಡೆ ಹತ್ತಲ್ಲಮ್ಮ, ಕಾಲಲ್ಲಿ ಅಂಟಿಲ್ಲ, ನಮ್ಮ ಹಾಗೆ ರೆಪ್ಪೆ ಬೇರೆ ಬಡೀತಾವೆ ಅಂದೆ. ಲೊಚಗುಡ್ತಾವಾ ಅಂತ ಕೇಳಿದ್ರು. ಇಲ್ಲ ಅಂದಿದ್ದಕ್ಕೆ, ಹಾಗಾದ್ರೆ ಅದೇನು ಹಲ್ಲಿ ಅಂತೆ.

ನನ್ನ ಹತ್ರ ಇರೋ ಕ್ರೆಸ್ಟೆಡ್ ಗೆಕ್ಕೊ (ಇನ್ನೊಂದು ಜಾತಿ) ಜೋಡಿ ಇನ್ನೂ ಏನೂ ಸುದ್ದಿ ಕೊಟ್ಟಿಲ್ಲ.

ಮಾರ್ಚ್ 16. ಗುಂಡಮ್ಮ 58 ಗ್ರಾಂ, ದಿನಾ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡ್ತಿದೀನಿ. ಸೀನನ್ನ ಮತ್ತೆ ಬಿಟ್ಟೇ ಇಲ್ಲ, ಆದ್ರೂ ಹೊಟ್ಟೇಲಿ ಆಗಲೇ ಇನ್ನೆರಡು ಉಂಡೆ.