ಅಲಗಿನ ಮುಕ್ಕು

ಇಂದು ಮರದ ಪೆಟ್ಟಿಗೆ ಬಿಚ್ಚುವಾಗ ಗೆಳೆಯನ ಮಡಚುವ ಚಾಕು ಒಳಗಿದ್ದ ಮೊಳೆಗೆ ತಗುಲಿತು. ಅಂಚಿನಲ್ಲಿ ಸಾಸಿವೆಯಷ್ಟು ಮುಕ್ಕು.

"ಇಷ್ಟು ಗಡಸು ಉಕ್ಕು, ಹೇಗೆ ಮುಕ್ಕಾಯಿತು?" ಎಂದ.

ಗಡಸಾಗಿದ್ದರಿಂದಲೇ!

ಉಕ್ಕಿನೊಳಗಿನ ಕಾರ್ಬೈಡ್ ಕಣಗಳು (ಇಂಗಾಲ ಲೋಹದೊಡನೆ ಸೇರಿ ಆಗುವ ಬಹಳ ಗಡಸು ಕಣಗಳು) ಅಲಗನ್ನು ಸವೆಯದಂತೆ ಕಾಯುತ್ತವೆ. ಆದರೆ ಪೆಟ್ಟು ಬಿದ್ದಾಗ ಬಿರುಕು ಹುಟ್ಟುವುದೂ ಅಲ್ಲಿಯೇ. ಕಣಗಳು ದೊಡ್ಡದಾದಷ್ಟೂ ಅಪಾಯ ಹೆಚ್ಚು.

ಚಾಕುಗಳಿಗೆ ಬಳಸುವ ಎಸ್30ವಿ ಎಂಬ ಉಕ್ಕಿನಲ್ಲಿ ಸುಮಾರು ಶೇ. 4ರಷ್ಟು ವೆನೇಡಿಯಂ ಇದೆ, ಅದು ಗಡಸು ಕಾರ್ಬೈಡ್ ಆಗುವುದರಿಂದ ಹರಿತ ಬಹುಕಾಲ ನಿಲ್ಲುತ್ತದೆ. 3ವಿ ಎಂಬ ಇನ್ನೊಂದು ಉಕ್ಕು ಪೆಟ್ಟು ತಾಳುವುದರಲ್ಲಿ ಗಟ್ಟಿಗ, ಆದರೆ ತುಕ್ಕು ತಡೆಯುವ ಕ್ರೋಮಿಯಂ ಶೇ. 7.5 ಮಾತ್ರ. ಒದ್ದೆಯಾಗಿಯೇ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ನನಗೆ ಇಷ್ಟವಾದದ್ದು 2021ರಲ್ಲಿ ಬಂದ ಮ್ಯಾಗ್ನಾಕಟ್ ಎಂಬ ಉಕ್ಕು. ಲೋಹಶಾಸ್ತ್ರಜ್ಞ ಲ್ಯಾರಿನ್ ಥಾಮಸ್ ಅದರಲ್ಲಿ ದೊಡ್ಡ ಕ್ರೋಮಿಯಂ ಕಾರ್ಬೈಡ್‌ಗಳೇ ಉಳಿಯದಂತೆ ನೋಡಿಕೊಂಡರು. ಕ್ರೋಮಿಯಂ ಕಾರ್ಬೈಡ್ ಆಗಿ ವ್ಯಯವಾಗದೆ ಉಕ್ಕಿನಲ್ಲೇ ಕರಗಿ ಉಳಿಯುತ್ತದೆ. ಹಾಗಾಗಿ ಅದು ಶೇ. 10.7ರಷ್ಟೇ ಇದ್ದರೂ ಈ ಉಕ್ಕು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಪೆಟ್ಟನ್ನೂ ತಾಳುತ್ತದೆ. ಎಷ್ಟು ಚೆಂದದ ಯೋಚನೆ!

ಒರಟು ಕೆಲಸದ ಚಾಕುವಿಗೆ ನಾನು ಮೊದಲು ನೋಡುವುದು ಪೆಟ್ಟು ತಾಳುವ ಗುಣವನ್ನೇ. ಮೊಂಡಾದ ಅಲಗನ್ನು ಸಾಣೆಕಲ್ಲಿನ ಮೇಲೆ ಸ್ವಲ್ಪ ಹೊತ್ತು ಉಜ್ಜಿದರೆ ಸಾಕು. ಮುಕ್ಕಾದರೆ ಅಂಚಿನ ಉದ್ದಕ್ಕೂ ಲೋಹ ತೇಯಬೇಕು.

ಗೆಳೆಯರೇ, ಕೊಳ್ಳುವಾಗ ಉಕ್ಕಿನ ಹೆಸರಿನ ಜೊತೆಗೆ ಶಾಖೋಪಚಾರ (ಕಾಯಿಸಿ ತಣಿಸಿ ಹದಗೊಳಿಸುವುದು) ಹೇಗೆ ಮಾಡಿದ್ದಾರೆ, ಗಡಸುತನ ರಾಕ್‌ವೆಲ್ ಎಂಬ ಅಳತೆಯಲ್ಲಿ ಎಷ್ಟು ಎಂದೂ ಕೇಳಿ.