ಸೊರಗಿದ್ದು ನಾನು, ಬೈಸ್ಕೊಂಡಿದ್ದು ನಮ್ಮತ್ತೆ

ದಾವಣಗೆರೆ ಕಡೆ ಮದುವೆ ಮನೆಗೆ ಹೋದ್ರೆ ಕೈಗೆ ಕಾಫಿ ಬರೋಕ್ ಮುಂಚೆನೇ ಮೈ ಬಗ್ಗೆ ಒಂದು ಮಾತು ಬಂದಿರುತ್ತೆ. "ಯಾಕವ್ವಾ ಇಷ್ಟು ಸೊರಗಿದೀ?" ನೋಡೋಕೆ ನನ್ನನ್ನ ಕೇಳಿದಂಗಿರುತ್ತೆ, ಆದ್ರೆ ಕೇಳ್ತಿರೋದು ಪಕ್ಕದಲ್ಲಿ ನಿಂತಿರೋ ನಮ್ಮತ್ತೇನ. ಸೊಸೆಗೆ ಹೊಟ್ಟೆತುಂಬ ಹಾಕ್ತಿದೀರೋ ಇಲ್ವೋ ಅಂತ. ನಮ್ಮ ದೊಡ್ಡವ್ವ ಹಂಗೆ ಅಂದಿದ್ದೇ ತಡ ಅತ್ತೆ ಶುರು ಮಾಡಿದ್ರು, "ದಿನಾ ಬೆಳಿಗ್ಗೆ ಕುಂದವಾಡ ಕೆರೆ ಸುತ್ತುತ್ತಾಳೆ ಅಕ್ಕಾರೇ, ರಾತ್ರಿ ಒಂದೇ ರೊಟ್ಟಿ, ಹೇಳಿದ್ರೆ ಕೇಳಲ್ಲ, ನಾನೇನ್ ಮಾಡ್ಲಿ" ಅಂತ. ಕಷ್ಟಪಟ್ಟು ತೂಕ ಇಳಿಸಿದ್ದೆ, ಯಾರಾದ್ರೂ ಶಭಾಷ್ ಅಂತಾರೆ ಅಂತ ಕಾಯ್ತಿದ್ದೆ, ಇಲ್ಲಿ ನೋಡಿದ್ರೆ ನಮ್ಮನೆ ಅಡುಗೆಮನೆ ಮರ್ಯಾದೆ ಪ್ರಶ್ನೆ ಆಗೋಗಿದೆ.

ಅದಕ್ಕೇ ನನಗನ್ಸೋದು, ಇಂಥ ಮಾತಲ್ಲಿ ಅರ್ಧಕ್ಕರ್ಧ ನಮ್ಮ ಮೈ ಬಗ್ಗೆ ಅಲ್ವೇ ಅಲ್ಲ. ತವರಿಗೆ ಹೋದಾಗ "ಮೈ ತುಂಬ್ಕೊಂಡೀ, ಚೆನ್ನಾಗಿದೀ" ಅಂದ್ರೆ ಮಗಳು ಸುಖವಾಗಿದಾಳೆ ಅನ್ನೋ ಸಮಾಧಾನ ಅದು. ಅದೇ ಮಾತನ್ನ ಆಫೀಸಲ್ಲಿ ಜೊತೆಯೋರು ಅಂದ್ರೆ ಮಧ್ಯಾಹ್ನದ ಡಬ್ಬಿಲಿ ಅನ್ನ ಅರ್ಧ ವಾಪಸ್ ಮನೆಗೆ ಬರುತ್ತೆ.

ನಲವತ್ತು ದಾಟಿದೋರು ಸಣ್ಣ ಆದ್ರೆ ಬರೋ ಪ್ರಶ್ನೆನೇ ಬೇರೆ, "ಶುಗರ್ ಚೆಕ್ ಮಾಡಿಸಿದ್ರಾ?" ತುಂಬಾ ಜನಕ್ಕೆ ಇದು ಅಪಶಕುನ ನುಡಿದಂಗೆ ಸಿಟ್ಟು ಬರಿಸುತ್ತೆ, ನಾನು ಮಾತ್ರ ಈ ಒಂದು ಪ್ರಶ್ನೆ ಪರವಾಗಿದೀನಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ದಿದ್ರೆ ತಿಂದಿದ್ದು ರಕ್ತದಲ್ಲಿ ಸಕ್ಕರೆಯಾಗಿ ಸುತ್ತುತ್ತೆ ಹೊರತು ಮೈಗೆ ಹತ್ತಲ್ಲ, ಆಗ ದೇಹ ತನ್ನದೇ ಕೊಬ್ಬು, ಮಾಂಸಖಂಡ ಕರಗಿಸ್ಕೊಳ್ಳುತ್ತೆ. ಏನೂ ಮಾಡದೆ ತಾನಾಗೇ ತೂಕ ಇಳೀತಿದ್ರೆ ಪರೀಕ್ಷೆ ಮಾಡಿಸ್ಲೇಬೇಕು, ಕೇಳಿದ ಅಜ್ಜಿ ಮೇಲೆ ಕೋಪ ಮಾಡ್ಕೊಂಡು ಏನು ಪ್ರಯೋಜನ.

ಗಂಡಸರ ಕಥೆನೇ ಬೇರೆ. ನಮ್ಮದು ಗರಡಿ ಮನೆಗಳ ಊರು, ದುಗ್ಗಮ್ಮನ ಜಾತ್ರೆಲಿ ಕುಸ್ತಿ ನೋಡಿ ಬೆಳೆದ ನಮ್ಮ ಚಿಕ್ಕಪ್ಪಂಗೆ ಮೈ ಅಂದ್ರೆ ತೊಡೆ, ಎದೆ, ಕುತ್ತಿಗೆ. ನನ್ನ ತಮ್ಮ ಜಿಮ್ಮಿಗೆ ಹೋಗಿ, ಅನ್ನ ಬಿಟ್ಟು, ಮೊಟ್ಟೆ ಬಿಳಿ ತಿಂದು, ಅಂತೂ ಸಿಕ್ಸ್ ಪ್ಯಾಕ್ ತೋರಿಸಿದ್ರೆ ಚಿಕ್ಕಪ್ಪ "ಏನ್ಲೇ, ಪಕ್ಕೆಲುಬು ಎಣಿಸ್ಬೋದಲ್ಲೋ" ಅಂದ್ರು. ಪೈಲ್ವಾನ್ ಇದ್ದಂಗಿದಾನೆ ಅನ್ನೋದು ಗಂಡು ಹುಡುಗಂಗೆ ಹೊಗಳಿಕೆ, ಅದನ್ನೇ ಹುಡುಗಿಗೆ ಅಂದು ನೋಡಿ, ಆ ಮಗು ಮತ್ತೆ ಆ ಮನೆ ಕಡೆ ತಲೆ ಹಾಕಲ್ಲ. ಇದು ನನಗೆ ನಿಜವಾಗ್ಲೂ ಉರಿಯುತ್ತೆ.

ಇನ್ನು ತಮಾಷೆ ಅಂದ್ರೆ ಕಣ್ಣಿಗೆ ಕಾಣೋ ದಪ್ಪ ಸಣ್ಣಕ್ಕೂ ಒಳಗಿನ ಆರೋಗ್ಯಕ್ಕೂ ಅಂಥ ನಂಟೇನೂ ಇರ್ಬೇಕು ಅಂತಿಲ್ಲ. 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ತಮ್ಮಿಬ್ಬರದೇ ಫೋಟೋ ಹಾಕಿದ್ರು. ಇಬ್ಬರ ಬಿಎಂಐನೂ, ಅಂದ್ರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, 22.3, ಆದ್ರೆ ಮೈಯಲ್ಲಿ ಕೊಬ್ಬು ಯುಡ್ಕಿನ್‌ಗೆ 9.1 ಪರ್ಸೆಂಟ್, ನಮ್ಮ ಯಾಜ್ಞಿಕರಿಗೆ 21.2. ನಮ್ಮ ಕಡೆಯೋರು ನೋಡೋಕೆ ತೆಳ್ಳಗಿದ್ರೂ ಹೊಟ್ಟೆ ಸುತ್ತ ಕೊಬ್ಬು ಇಟ್ಕೊಂಡಿರ್ತಾರೆ. ಅದಕ್ಕೇ ಬೇರೆ ಕಡೆ ಬಿಎಂಐ 25 ದಾಟಿದ್ರೆ ಜಾಸ್ತಿ ತೂಕ ಅಂದ್ರೆ ನಮ್ಮ ಡಾಕ್ಟರ್‌ಗಳು 23ಕ್ಕೇ ಎಚ್ಚರಿಸ್ತಾರೆ, ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90ರ ಒಳಗಿರ್ಲಿ ಅಂತಾರೆ.

ಈಗ ನಮ್ಮ ಬೀದಿಲೇ ನೋಡಿ, ಕೈಕಾಲು ಕಡ್ಡಿ, ಮುಂದೆ ಮಾತ್ರ ಹೊಟ್ಟೆ, ಸಾಯಂಕಾಲ ಮಂಡಕ್ಕಿ ಮಿರ್ಚಿ ತಿಂತಾ ನಿಂತಿರೋ ಯಜಮಾನ್ರಿಗೆ ಯಾರೂ ಏನೂ ಅನ್ನಲ್ಲ, ಅವರೇ ಎಲ್ಲರಿಗೂ ಅನ್ನೋದು.

ನನಗೆ ಬೇಜಾರಾಗದಂಗೆ ಮೈ ಬಗ್ಗೆ ಮಾತಾಡೋರು ಒಬ್ಬರೇ, ಬ್ಲೌಸ್ ಹೊಲಿಯೋ ಅಕ್ಕ. ಟೇಪ್ ಸುತ್ತಿ, ಇಂಚು ಓದಿ, ಹಳೇ ನೋಟ್‌ಬುಕ್ಕಲ್ಲಿ ಬರ್ಕೊತಾರೆ. ದಪ್ಪನೂ ಇಲ್ಲ ಸೊರಗಿದ್ದೂ ಇಲ್ಲ. ಹೋದ ಸಲ ಅತ್ತೇನೂ ಜೊತೆಗಿದ್ರು, ಟೇಪ್ ಸುತ್ತೋವಾಗ್ಲೇ "ಸ್ವಲ್ಪ ಸಡಿಲ ಇಡವ್ವಾ, ಮುಂದಿನ ಮದುವೆ ಹೊತ್ತಿಗೆ ತುಂಬ್ಕೊತಾಳೆ" ಅಂದ್ರು. ಆ ಅಕ್ಕ ತಲೆ ಎತ್ತದೇ, "ಒಳಗೆ ಮಾರ್ಜಿನ್ ಬಿಡ್ತೀನಿ ಬಿಡ್ರಿ ಅಮ್ಮ, ಬೇಕಾದಾಗ ಬಿಚ್ಕೊಳ್ಳಿ" ಅಂದು ಮುಂದಿನೋರನ್ನ ಕರೆದ್ರು.